ಸೋಮವಾರದ ರಸ್ತೆ

ನಮ್ಮ ಮಾವನವರು ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅವರು ಇರುವ ತನಕ ಮನೆಯಲ್ಲಿ ಆ ರಸ್ತೆಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ದಿನ ಕರ್ಮಗಳೆಲ್ಲ ಮುಗಿದು ನೆಂಟರು ಹೊರಟು ಹೋದ ಮೇಲೆ, ನಾನು ಸಾಕಿ ಬೆಳೆಸಿದ ಅಕ್ಕನ ಮಗಳು ನನ್ನ ಹತ್ತಿರ ಕೂತು, “ಚಿಗವ್ವಾ, ಈಗರ ಹೇಳ್ತಿಯೇನು, ನಮ್ಮವ್ವ ಹೆಂಗ ಹೋದಳು?” ಎಂದು ಕೇಳಿದಳು. ಹೇಳಲು ಹೋದೆ. ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಬರೆದು ಕೊಡುತ್ತೇನೆ ಎಂದೆ. ನಾನು ಏಳನೇ ಇಯತ್ತೆ ಓದಿದವಳು. ಬರೆಯುವುದು ತಡವಾಗುತ್ತದೆ, ಅಷ್ಟೇ.

ಅಕ್ಕ ಮತ್ತು ನಾನು ಒಂದೇ ಮನೆಗೆ ಸೊಸೆಯರಾಗಿ ಬಂದವರು. ಅವಳನ್ನು ಹಿರಿಯ ಮಗನಿಗೆ ಕೊಟ್ಟಿದ್ದರು. ಆಮೇಲೆ ಕಿರಿಯ ಮಗನಿಗೆ ನನ್ನನ್ನು ಕೇಳಿದರು. ಅಕ್ಕ ಇದ್ದಾಳಲ್ಲ ಎಂಬ ಧೈರ್ಯಕ್ಕೆ ನಾನು ಅಳದೆ ಬಂದೆ. ಕುಂದಗೋಳ ತಾಲ್ಲೂಕಿನ ಎರೆಭೂಮಿಯ ಊರು. ಮನೆ ಗಾಂವಠಾಣದ, ಎಂದರೆ ಹಳೆಯ ಊರಿನ, ಒಳಗೆ ಇತ್ತು, ಗೋಡೆಗೆ ಗೋಡೆ ಹತ್ತಿದ ಓಣಿ. ಬಾಗಿಲು ದಾಟಿದರೆ ಎತ್ತು ಕಟ್ಟುವ ಜಾಗ, ಅದರ ಮೇಲೆ ಕಟ್ಟೆ, ಕಟ್ಟೆಯ ಹಿಂದೆ ಅಡಿಗೆಮನೆ. ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಒಂದು ತುಂಡು ಬಿಸಿಲು ಬಿಟ್ಟರೆ ಅಲ್ಲಿ ಬೇರೆ ಬೆಳಕಿರಲಿಲ್ಲ. ಆ ತುಂಡು ಬಿಸಿಲು ಸರಿದಂತೆ ಅಕ್ಕ ರೊಟ್ಟಿ ಬಡಿಯುವ ಕೊಣಮಿಗೆಯನ್ನೂ ಸರಿಸುತ್ತಿದ್ದಳು.

“ನನಗ ಬಂಗಾರ ಬ್ಯಾಡ, ಸೀರಿ ಬ್ಯಾಡ. ಕಿಡಕಿ ಇದ್ದ ಒಂದ್ ಅಡಿಗಿಮನಿ ಬೇಕ ನೋಡ. ರೊಟ್ಟಿ ಬಡಿಯೂ ಮುಂದ ನನ್ನ ಕೈ ನನಗ ಕಾಣಬೇಕು” ಎನ್ನುತ್ತಿದ್ದಳು.

“ಕಿಡಕ್ಯಾಗ ಏನ್ ನೋಡ್ತೀಬೇ ಯಕ್ಕಾ?”

“ಹುಬ್ಬಳ್ಳಿ ಬಸ್ ನೋಡ್ತೀನಿ. ಅದರಾಗ ಯಾರ್ ಯಾರ ಸೀರಿ ಹೆಂಗ ಅದಾವ ಅಂತ ನಿನಗ ಬಂದ್ ಹೇಳ್ತೀನಿ.”

ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಊರಲ್ಲಿ ಮಂದಿ ಹೆಚ್ಚಾಗಿತ್ತು, ಓಣಿಗಳಲ್ಲಿ ಜಾಗವಿರಲಿಲ್ಲ. ಊರ ಹೊರಗೆ ಡಾಂಬರು ರಸ್ತೆಯ ಪಕ್ಕದ ಬಯಲಿನಲ್ಲಿ ಹೊಸ ಪ್ಲಾಟು ಮಾಡಿ ಮನೆ ಕಟ್ಟಲು ಕೊಡಬೇಕು ಎಂದು ಪಂಚಾಯ್ತಿಯಲ್ಲಿ ಠರಾವಾಯಿತು. ಮಾವನವರು ಪಂಚಾಯ್ತಿ ಮೆಂಬರರಾಗಿದ್ದರು. ಹಿರಿಯ ಮಗನಿಗೆ ಅಲ್ಲೊಂದು ಪ್ಲಾಟು ಹಿಡಿಯಬೇಕು ಎಂದು ಅವರಿಗೂ ಮನಸ್ಸಿತ್ತು. ಅಕ್ಕನಿಗಂತೂ ಆವತ್ತಿನಿಂದಲೇ ಕಿಟಕಿ ಕಾಣತೊಡಗಿತು.

ಆ ಬಯಲಿನ ಬಗ್ಗೆ ಸ್ವಲ್ಪ ಹೇಳಬೇಕು. ಊರು ದಾಟಿ ಹುಬ್ಬಳ್ಳಿಯ ದಿಕ್ಕಿಗೆ ಹೋದರೆ ರಸ್ತೆಯ ಎಡಕ್ಕೆ ಈ ಬಯಲು, ಬಲಕ್ಕೆ ಆಳವಾದ ಕಾಲುವೆಯಂಥ ತಗ್ಗು. ಇನ್ನೂ ಮುಂದೆ ಹೋದರೆ ಹತ್ತಿಯಿಂದ ಕಾಳು ಬಿಡಿಸುವ ಜಿನ್ನು. ಹತ್ತಿ ಸುಗ್ಗಿ ಬಂತೆಂದರೆ ಸುತ್ತಲಿನ ಹಳ್ಳಿಗಳ ಗಾಡಿಗಳೆಲ್ಲ ಅಂಡಿಗೆ ಹೇರಿಕೊಂಡು ಆ ಜಿನ್ನಿಗೆ ಬರುತ್ತಿದ್ದವು. ಅಂಡಿಗೆ ಎಂದರೆ ಹತ್ತಿ ತುಂಬುವ ದೊಡ್ಡ ಚೀಲ. ಪಾಳಿ ಬರುವ ತನಕ ಗಾಡಿಯವರು ಈ ಬಯಲಿನಲ್ಲಿ ಎತ್ತಿನ ಕೊಳ್ಳು ಹರಿದು, ಎಂದರೆ ನೊಗದಿಂದ ಬಿಚ್ಚಿ, ಕಲ್ಲು ಹೂಡಿ ಒಲೆ ಮಾಡಿ, ರೊಟ್ಟಿ ಸುಟ್ಟುಕೊಂಡು ಮಲಗುತ್ತಿದ್ದರು. ಬಯಲು ಯಾರದೂ ಅಲ್ಲ. ಅದಕ್ಕೇ ಅದು ಎಲ್ಲರಿಗೂ ಖಾಲಿ ಜಾಗ ಎಂದೇ ಕಾಣುತ್ತಿತ್ತು.

ರಸ್ತೆ ಸರಕಾರದ್ದು. ಹಾಗಾಗಿ ಪ್ಲಾಟಿಗೆ ಮೊದಲು ರಸ್ತೆಯ ಸಾಹೇಬರು ಒಪ್ಪಬೇಕಿತ್ತು. ಅವರು ಮಳೆ ನಿಂತ ಮೇಲೆ ಒಮ್ಮೆ ಬಂದು ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ಮೈಸೂರು ಕಡೆಯವರು, ಮೆತ್ತಗಿನ ಮಾತು. ಬಾಗಿಲ ಹಿಂದೆ ನಿಂತು ನಾವಿಬ್ಬರೂ ಕೇಳುತ್ತಿದ್ದೆವು.

“ಇಲ್ಲಿ ಇಷ್ಟು ಮನೆ ಬಂದ್ರೆ ರಸ್ತೆಗೆ ತೊಂದರೆ ಆಗುತ್ತೋ ಇಲ್ವೋ ಅಂತ ನೋಡ್ದೆ ನಾನು ಸಹಿ ಹಾಕೋಲ್ಲ ಯಜಮಾನ್ರೇ. ಈಗ ನೋಡಿದ್ರೆ ಏನೂ ಗೊತ್ತಾಗೋಲ್ಲ. ಹತ್ತಿ ಸುಗ್ಗಿ ಜೋರಾಗಿದ್ದಾಗ ಬರ್ತೀನಿ. ಬೆಳಗ್ಗೆಯಿಂದ ಸಂಜೆ ತನಕ ಹೋಗೋದು ಬರೋದು ಎಲ್ಲಾ ಎಣಿಸ್ತೀವಿ. ಆಮೇಲೆ ಹೇಳ್ತೀನಿ.”

ಜಾಗರೂಕ ಮನುಷ್ಯ. ಸುಗ್ಗಿಯಲ್ಲೇ ಬರುತ್ತೇನೆ ಎಂದದ್ದು ಅವರೇ. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ.

ಮಾವನವರು ಎದ್ದು ಕೈ ಮುಗಿದು, “ಬರ್ರಿ ಸಾಹೇಬ್ರ, ಅವಶ್ಯ ಬರ್ರಿ. ಆದರ ಸೋಮವಾರ ಬರ್ರಿ. ಬ್ಯಾರೆ ದಿನ ಬಂದ್ರ ನಿಮಗ ಒಂದ್ ತಂಬಿಗಿ ನೀರ ಕೊಡಾಕೂ ಊರಾಗ ಮಂದಿ ಸಿಗಂಗಿಲ್ಲ. ಎಲ್ಲಾರೂ ಹೊಲದಾಗ ಇರ್ತಾರ. ಸೋಮವಾರ ಊರಿಗೂರ ಮನ್ಯಾಗ ಇರ್ತದ, ಊಟಾ ಮಾಡ್ಕೊಂಡ್ ಹೋಗೀರಂತ” ಎಂದರು.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಎಂಥ ಸುಗ್ಗಿ ಇರಲಿ, ಮಳೆ ಮೋಡ ಕಟ್ಟಿರಲಿ, ಆ ದಿನ ಎತ್ತಿಗೆ ಬಿಡುವು. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಒಂದು ಹಿಡಿ ಹತ್ತಿಕಾಳು ಹೆಚ್ಚಿಗೆ ಹಾಕುತ್ತೇವೆ. ಗಾಡಿಗಳು ಬರುವುದಿಲ್ಲವೆಂದು ಜಿನ್ನಿನವರೂ ಸೋಮವಾರವೇ ರಜೆ ಇಟ್ಟಿದ್ದರು. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಹುಟ್ಟಿದಾಗಿನಿಂದ ನೋಡಿದ್ದು. ಹೀಗಾಗಿ, ಗಾಡಿ ಎಣಿಸಲು ಬರುವವರನ್ನು ಗಾಡಿ ಹೂಡದ ದಿನ ಕರೆಯುತ್ತಿದ್ದೇವೆ ಎಂದು ಕಟ್ಟೆಯ ಮೇಲಿದ್ದವರಿಗೂ ಹೊಳೆಯಲಿಲ್ಲ, ಬಾಗಿಲ ಹಿಂದಿದ್ದ ನಮಗೂ ಹೊಳೆಯಲಿಲ್ಲ. ಮಾವನವರ ತಲೆಯಲ್ಲಿದ್ದದ್ದು ಅತಿಥಿಗೆ ಊಟ ಹಾಕುವುದೊಂದೇ. ನಮ್ಮ ತಲೆಯಲ್ಲಿದ್ದದ್ದು ಹೋಳಿಗೆಗೆ ಬೇಳೆ ಎಷ್ಟು ಬೇಯಿಸಬೇಕು ಎಂಬುದು.

ಸುಗ್ಗಿಯಲ್ಲಿ ಹೇಳಿದಂತೆಯೇ ಒಂದು ಸೋಮವಾರ ಸಾಹೇಬರು ಬಂದರು. ಜೊತೆಗೆ ಹುಬ್ಬಳ್ಳಿಯ ಇಬ್ಬರು ಎಣಿಸುವವರು. ರಸ್ತೆಯ ಪಕ್ಕದ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ಬಸ್ಸಿಗೊಂದು ಗೆರೆ, ಲಾರಿಗೊಂದು ಗೆರೆ, ಸೈಕಲ್ಲಿಗೆ, ಗಾಡಿಗೆ ಬೇರೆ ಬೇರೆ. ಊರ ಗಂಡಸರು ಬಿಳಿ ಅಂಗಿ ತೊಟ್ಟು ಸುತ್ತ ನಿಂತು ನೋಡಿದರು. ಬಸ್ಸು ಬಂದಾಗಲೊಮ್ಮೆ “ಬಂತ್ರಿ, ಹಾಕ್ರಿ ಗೆರಿ” ಎಂದು ಕೂಗುವರು. ಗಾಡಿ ಒಂದೂ ಬರಲಿಲ್ಲ. ಬರದ ಗಾಡಿಯನ್ನು ಯಾರು ಗಮನಿಸುತ್ತಾರೆ?

ಮಧ್ಯಾಹ್ನ ಅತ್ತೆಯ ಜೊತೆ ನಾವಿಬ್ಬರೂ ತಲೆಯ ಮೇಲೆ ಸೆರಗು ಹೊದ್ದು ಊಟದ ಬುಟ್ಟಿ ಒಯ್ದೆವು. ಆಗ ಯಾರದೋ ಎಮ್ಮೆ ರಸ್ತೆಯ ನಡುವೆ ಬಂದು ನಿಂತಿತು. ಎಣಿಸುವವನು ಪೆನ್ಸಿಲ್ ಹಿಡಿದುಕೊಂಡು ಸಾಹೇಬರ ಮುಖ ನೋಡಿದ. “ಇದನ್ನ ಯಾವ ಖಾನ್ಯಾಗ ಬರಿಲಿ ಸರ್?”

ಅಕ್ಕ ಸೆರಗಿನೊಳಗಿಂದಲೇ ನನಗೆ ಹೇಳುವಂತೆ ಹೇಳಿದಳು. “ಲಾರಿ ಅಂತ ಬರ್ಕೋ ಅನ್ನು. ಅದೂ ಹಾರ್ನ ಹೊಡದ್ರೂ ಹಾದಿ ಬಿಡಂಗಿಲ್ಲ.”

ಎಲ್ಲರಿಗೂ ಕೇಳಿಸಿತು. ಸಾಹೇಬರು ನಕ್ಕುಬಿಟ್ಟರು. ಅತ್ತೆ ಅಕ್ಕನ ಕೈ ಚಿವುಟಿದರು. ಮಾವನವರು ಬೇರೆ ಕಡೆ ಮುಖ ತಿರುಗಿಸಿದರು, ಆದರೆ ಮೀಸೆಯ ಕೆಳಗೆ ಅವರೂ ನಗುತ್ತಿದ್ದರು. ಅಕ್ಕನೆಂದರೆ ಅವರಿಗೆ ಒಳಗೊಳಗೇ ಅಭಿಮಾನ.

ಊಟವಾದ ಮೇಲೆ ಸಾಹೇಬರು ಕೈ ತೊಳೆದುಕೊಂಡು ಬಯಲಿನಲ್ಲಿ ಅಡ್ಡಾಡಿದರು. ಒಂದು ಕಡೆ ನಿಂತು, ಬೂಟಿನ ತುದಿಯಿಂದ ಬೂದಿ ಕೆದರಿ, “ಇಲ್ಲಿ ಒಲೆ ಯಾರು ಹೂಡ್ತಾರೆ?” ಎಂದು ಕೇಳಿದರು.

“ಗಾಡ್ಯಾವ್ರು ರೊಟ್ಟಿ ಸುಟ್ಕೋತಾರ್ರಿ” ಎಂದರು ಮಾವನವರು.

“ಬಹಳ ಜನ ಇಳೀತಾರಾ?”

“ಬರ್ತಾರ, ಹೋಗ್ತಾರ್ರಿ. ಅದೇನ್ ದೊಡ್ಡ ಮಾತಲ್ಲ ಬಿಡ್ರಿ.”

ಸಾಹೇಬರು ತಲೆಯಾಡಿಸಿದರು. ಅಷ್ಟೇ ನಡೆದದ್ದು. ಆ ಮಾತನ್ನು ನಾನು ಎಷ್ಟು ಸಲ ನೆನೆದಿದ್ದೇನೋ. ಸುಳ್ಳು ಹೇಳಿದರು ಎನ್ನಲು ಬರುವುದಿಲ್ಲ. ಗಾಡಿಯವರು ಬರುವುದು ಹೋಗುವುದು ನಿಜವೇ. ಬೇರೆ ಊರಿನ ಗಾಡಿ, ಬೇರೆ ಊರಿನ ಒಲೆ, ಅದು ನಮ್ಮೂರ ವಿಚಾರದಲ್ಲಿ ಬರುತ್ತದೆ ಎಂದು ಅವರಿಗೆ ಅನಿಸಿರಲಿಕ್ಕಿಲ್ಲ. ಸಂಜೆ ಸಾಹೇಬರು ಹೊರಡುವಾಗ, ರಸ್ತೆಯ ಮೇಲೆ ಅಂಥ ಒತ್ತಡವೇನೂ ಇಲ್ಲ, ಮನೆಗಳು ಬಂದರೂ ನಡೆಯುತ್ತದೆ ಎಂದರು. ಗಂಡಸರು ಚಪ್ಪಾಳೆ ತಟ್ಟಿದರು.

ಪ್ಲಾಟು ಸಿಕ್ಕಿತು. ಮನೆಯೂ ಎದ್ದಿತು. ಬುನಾದಿ ತೋಡುವಾಗ ಅಕ್ಕ ದಿನಾ ಒಂದು ನೆಪ ಮಾಡಿಕೊಂಡು ಅಲ್ಲಿಗೆ ಹೋಗುತ್ತಿದ್ದಳು. ಕಿಟಕಿಯ ಜಾಗದಲ್ಲಿ ಗೌಂಡಿಯನ್ನು ನಿಲ್ಲಿಸಿ, “ಇನ್ನೊಂದೀಟ ಕೆಳಗ ಮಾಡಪಾ, ನಾ ಕುಂತು ರೊಟ್ಟಿ ಬಡಿಯಾಕಿ, ನಿಂತ ಅಲ್ಲ” ಎಂದು ಎರಡು ಸಲ ಕಲ್ಲು ಕೀಳಿಸಿದಳಂತೆ. ಬೇರೆ ಹೋಗುತ್ತಾಳಲ್ಲ ಎಂದು ನನಗೆ ಒಳಗೆ ಸಂಕಟವಿತ್ತು. ಮನೆ ತುಂಬುವ ದಿನ ನಾನು ಅತ್ತಾಗ ಅಕ್ಕ ಗದರಿಸಿದಳು.

“ಏ ಹುಚ್ಚಿ, ನಾ ಏನ್ ಲಂಡನ್ನಿಗೆ ಹೊಂಟೀನಾ? ಒದರಿದ್ರ ಕೇಳಸ್ತದ. ಸಂಜಿ ಮುಂದ ಬಾ, ಇಬ್ರೂ ಕುಂತ ಬಸ್ ನೋಡೂಣು.”

ಸಂಜೆ ಹೋಗುತ್ತಿದ್ದೆ. ಬಸ್ಸು ನೋಡುತ್ತಿದ್ದೆವು. ನನ್ನ ಜೀವನದಲ್ಲಿ ಅಷ್ಟು ನಕ್ಕದ್ದು ಆ ಕಿಟಕಿಯ ಹತ್ತಿರವೇ.

ಮುಂದಿನ ಹತ್ತಿ ಸುಗ್ಗಿ ಬಂತು. ಮೊದಲ ಗಾಡಿಗಳು ಬಂದು ನೋಡಿದರೆ, ಅವು ಬಿಡುವ ಬಯಲಿನಲ್ಲಿ ಗೋಡೆಗಳು. ಬಲಕ್ಕೆ ತಗ್ಗು. ಗಾಡಿಯವರು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ನಿಂತು, ಕಡೆಗೆ ರಸ್ತೆಯ ಮೇಲೆಯೇ ಒಂದರ ಹಿಂದೆ ಒಂದು ಗಾಡಿ ನಿಲ್ಲಿಸಿ ಎತ್ತು ಬಿಚ್ಚಿದರು. ಬೇರೆ ಎಲ್ಲಿ ಹೋಗಬೇಕು? ಜಿನ್ನಿನ ಬಾಗಿಲಿನಿಂದ ಹಿಡಿದ ಸಾಲು ಅಕ್ಕನ ಮನೆಯ ಮುಂದೆ ಹಾದು ಊರ ತನಕ ಬರುತ್ತಿತ್ತು. ಉಳಿದ ಅರ್ಧ ರಸ್ತೆಯಲ್ಲಿ ಬಸ್ಸೂ ಲಾರಿಯೂ ಎದುರುಬದುರು ಬಂದರೆ ಹಿಂದೆ ಸರಿಯಲು ಆಗದೆ ಹಾರ್ನ್ ಹಾಕುತ್ತ ನಿಲ್ಲುತ್ತಿದ್ದವು. ಎಲ್ಲಕ್ಕಿಂತ ಕೆಟ್ಟದ್ದು ಮಂಗಳವಾರ. ಸೋಮವಾರ ಮನೆಯಲ್ಲಿ ನಿಂತ ಗಾಡಿಗಳೆಲ್ಲ ಅವತ್ತು ಬೆಳಗಾಗುವುದರೊಳಗೆ ಬಂದು ಸೇರುತ್ತಿದ್ದವು.

ಅಕ್ಕ ಅದರಲ್ಲೂ ಸಂತೋಷ ಕಂಡಳು. ಗಾಡಿಯವರಿಗೆ ತನ್ನ ಒಲೆಯ ಕೆಂಡ ಕೊಡುವಳು, ಮಜ್ಜಿಗೆ ಕೊಡುವಳು. ಅವರು “ಅವ್ವಾರ, ನಿಮ್ಮ ಅಂಗಳದ ಗೂಟಕ್ಕ ಎತ್ತ ಕಟ್ಟಲ್ರಿ?” ಎಂದು ಕೇಳಿದರೆ, “ಕಟ್ರಿ ಯಣ್ಣಾ, ಸಗಣಿ ಮಾತ್ರ ನಂದು” ಎನ್ನುವಳು. ಬಸ್ಸು ನಿಂತರೆ ಅವಳಿಗೆ ಇನ್ನೂ ಅನುಕೂಲ. “ನೋಡ, ಮೊದ್ಲ ಬಸ್ ಹಂಗ ಹೋಗಿಬಿಡ್ತಿತ್ತು. ಈಗ ಅಗದಿ ಎದುರಿಗೆ ನಿಂತು ಸೀರಿ ತೋರಿಸ್ತದ.”

ಆಗ ಅವಳಿಗೆ ಎರಡನೆಯದು. ದಿನ ತುಂಬುತ್ತ ಬಂದಿದ್ದವು. ಮೊದಲನೆಯ ಹೆರಿಗೆ ತವರಿನಲ್ಲಿ ಸುಸೂತ್ರವಾಗಿತ್ತು. ಎರಡನೆಯದು ಇಲ್ಲೇ ಆಗಲಿ, ನಾನಿದ್ದೇನಲ್ಲ ಎಂದು ಎಲ್ಲರೂ ಅಂದುಕೊಂಡಿದ್ದೆವು.

ಮಂಗಳವಾರ. ಬೆಳಗಿನ ರೊಟ್ಟಿಯ ಹೊತ್ತು. ಭಾವನವರು ಓಡುತ್ತ ಬಂದು ಬಾಗಿಲಲ್ಲಿ ನಿಂತು ಹೊಸ ಮನೆಯ ಕಡೆ ಕೈ ತೋರಿದರು. ನಾನೂ ಅತ್ತೆಯೂ ಹೋಗಿ ನೋಡಿದಾಗ ಅಕ್ಕ ಅಡಿಗೆಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನೋವು ಬಂದಿರಲಿಲ್ಲ. ರಕ್ತ ಹೋಗುತ್ತಿತ್ತು. ಸೂಲಗಿತ್ತಿ ಬಂದು ಹೊಟ್ಟೆಯ ಮೇಲೆ ಕೈ ಇಟ್ಟು, “ಇದು ನನ್ನ ಕೈಯಾಗಿಂದಲ್ಲ. ದವಾಖಾನಿಗೆ ಒಯ್ರಿ, ಈಗಿಂದೀಗ ಒಯ್ರಿ” ಎಂದಳು.

ಜಿನ್ನಿನಲ್ಲಿ ಒಂದು ಜೀಪು ಇತ್ತು. ನಮ್ಮವರು ಸೈಕಲ್ ಬಿಟ್ಟು ಗಾಡಿಗಳ ಸಂದಿಯಲ್ಲಿ ಓಡಿದರು. ಅವರು ಹೇಳಿದೊಡನೆ ಡ್ರೈವರ್ ಜೀಪು ಹೊರಗೆ ತೆಗೆದ. ಆದರೆ ಗೇಟಿನಿಂದ ಅಕ್ಕನ ಮನೆಯ ಕಡೆ ಬರಲು ದಾರಿಯಿರಲಿಲ್ಲ. ಒಂದು ಬದಿ ಅಂಡಿಗೆ ಹೇರಿದ ಗಾಡಿಗಳ ಸಾಲು, ಇನ್ನೊಂದು ಬದಿ ಎದುರುಬದುರು ಸಿಕ್ಕಿಕೊಂಡ ಬಸ್ಸು, ಲಾರಿ. ಎತ್ತುಗಳು ಹಳ್ಳಕ್ಕೆ ನೀರಿಗೆ ಹೋಗಿದ್ದವು. ನೊಗ ನೆಲಕ್ಕೆ ಊರಿ ನಿಂತ ಗಾಡಿಗಳನ್ನು ಸರಿಸುವುದಾದರೂ ಎಲ್ಲಿಗೆ? ಒಂದು ಸರಿಯಬೇಕಾದರೆ ಮುಂದಿನದು ಸರಿಯಬೇಕು, ಅದು ಸರಿಯಬೇಕಾದರೆ ಅದರ ಮುಂದಿನದು.

ಮಾವನವರು ಟವೆಲ್ಲು ಬೀಸುತ್ತ ಸಾಲಿನ ಉದ್ದಕ್ಕೂ ಕೂಗುತ್ತ ಹೋದರು. ಎಂದೂ ಬರಿಗಾಲಲ್ಲಿ ಬೀದಿಗೆ ಇಳಿದವರಲ್ಲ, ಅವತ್ತು ಕಾಲಲ್ಲಿ ಚಪ್ಪಲಿ ಇರಲಿಲ್ಲ. “ಹಾದಿ ಬಿಡ್ರೋ ಯಪ್ಪಾ! ನಿಮ್ಮ ಕಾಲಿಗೆ ಬೀಳ್ತೀನಿ, ಹಾದಿ ಮಾಡ್ರೋ!” ಗಾಡಿಯವರು ಬಿದ್ದು ಎದ್ದು ಓಡಿ ಬಂದರು. ಅಕ್ಕನ ಮಜ್ಜಿಗೆ ಕುಡಿದವರು ಅವರು. ಗಾಡಿ ಸರಿಸಲು ಹೆಣಗಿದರು, ಆಗಲಿಲ್ಲ. ಕಡೆಗೆ ಅವರಲ್ಲೇ ಒಬ್ಬ ಹಿರಿಯ, “ಹೊರಸ ತರ್ರಿ, ಜೀಪಿನ ತನಕ ಹೊತ್ಕೊಂಡ ಹೋಗೂಣು” ಎಂದ.

ಹೊರಸಿನ ಮೇಲೆ ಮಲಗಿಸಿ ಮೇಲೆ ಕೌದಿ ಹೊದಿಸಿದೆವು. ಗಾಡಿಯವರೇ ಹೊತ್ತರು. ಗಾಡಿಗೂ ಬಸ್ಸಿಗೂ ನಡುವಿನ ಸಂದಿಯಲ್ಲಿ ಹೊರಸು ಅಡ್ಡ ಹಿಡಿಯುತ್ತಿರಲಿಲ್ಲ. ಕೆಲವು ಕಡೆ ಓರೆ ಮಾಡಿ, ಕೆಲವು ಕಡೆ ತಲೆಯ ಮೇಲೆತ್ತಿ, ತಗ್ಗಿನ ಅಂಚಿನಲ್ಲಿ ಕಾಲು ಊರಿ ಒಯ್ದರು. ಬಸ್ಸಿನ ಕಿಟಕಿಗಳಲ್ಲಿ ಹೆಂಗಸರು ಇಣುಕಿ ನೋಡುತ್ತಿದ್ದರು. ನಾನು ಅಕ್ಕನ ಕೈ ಹಿಡಿದುಕೊಂಡು, ಸಂದಿ ಸಿಕ್ಕಲ್ಲಿ ಪಕ್ಕಕ್ಕೆ, ಸಿಗದಲ್ಲಿ ಹಿಂದೆ ನಡೆದೆ. ಅವಳಿಗೆ ಎಚ್ಚರವಿತ್ತು.

“ಒಲಿ ಮ್ಯಾಲ ಹಾಲ ಐತಿ. ಉಕ್ಕಿರಬೇಕ ನೋಡ” ಎಂದಳು.

“ಅತ್ತಿ ಅದಾರಬೇ. ನೀ ಸುಮ್ನಿರು.”

“ಹುಡುಗಿಗೆ ತಲಿ ಹಿಕ್ಕಿಲ್ಲ.”

“ನಾ ಹಿಕ್ಕತೀನಿ.”

ಆಮೇಲೆ, ತಲೆಯ ಮೇಲೆ ಸರಿಯುತ್ತಿದ್ದ ಅಂಡಿಗೆಗಳನ್ನು ನೋಡುತ್ತ, “ಎಷ್ಟ ಹತ್ತಿ ಬಂದೇತೇ ಈ ಸಲ” ಎಂದಳು. ಅದೇ ನಾನು ಕೇಳಿದ ಅವಳ ಕಡೆಯ ಮಾತು. ಜೀಪಿನಲ್ಲಿ ಅವಳು ಕಣ್ಣು ತೆರೆಯಲಿಲ್ಲ.

ಹುಬ್ಬಳ್ಳಿಯ ದವಾಖಾನೆಯಲ್ಲಿ ಒಳಗೆ ಒಯ್ದರು. ಹೊರಗೆ ನಮ್ಮನ್ನು ನಿಲ್ಲಿಸಿ ಒಬ್ಬ ನರ್ಸಮ್ಮ ಊರು ಯಾವುದು ಎಂದು ಕೇಳಿದಳು. ಹೇಳಿದೆ. ಅವಳು ನನ್ನ ಮುಖ ನೋಡಿ, “ಅಷ್ಟ ಸನೇದಿಂದ ಇಷ್ಟ ತಡಾ ಮಾಡಿ ಬಂದೀರೇನು?” ಎಂದಳು. ತಾಯಿಯೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ. ಗಂಡು ಕೂಸು.

ಮಣ್ಣು ಮಾಡಿ ಕೆಲವು ದಿನಗಳಾದ ಮೇಲೆ, ಹೊರಸು ತರಲು ಹೇಳಿದ ಆ ಹಿರಿಯ ಗಾಡಿಯವನು ಮಾತನಾಡಿಸಲು ಬಂದ. ಕಟ್ಟೆಯ ಕೆಳಗೇ ಕೂತ, ಮೇಲೆ ಕರೆದರೂ ಬರಲಿಲ್ಲ. “ನಾವು ಮೊದ್ಲಿಂದೂ ಅಲ್ಲೇ ಬಯಲಾಗ ಬಿಡ್ತಿದ್ವಿರಿ ಗೌಡ್ರ. ಸಾಹೇಬರು ಎಣಸಾಕ ಬಂದಿದ್ರಂತ ಕೇಳಿದ್ವಿ. ಅವತ್ತ ನಾವು ಕಣ್ಣಿಗೆ ಬೀಳಲಿಲ್ಲೇನ್ರಿ ಅವರಿಗೆ?” ಎಂದ. ಅವನ ಮಾತಿನಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ನಿಜವಾಗಿ ತಿಳಿಯದೆ ಕೇಳಿದ.

ಮಾವನವರು ಏನೋ ಹೇಳಲು ಬಾಯಿ ತೆರೆದರು. ನಾನು ಚಹಾದ ಬಟ್ಟಲು ಹಿಡಿದು ಬಾಗಿಲಲ್ಲಿದ್ದೆ. ಅವರ ಮುಖದಲ್ಲಿ ಆ ಮಾತು ಮೂಡುವುದನ್ನು ಕಂಡೆ.

“ಅವತ್ತ ಸೋಮವಾರ ಇತ್ತಪಾ” ಎಂದರು.

ಗಾಡಿಯವನು ತಲೆ ತಗ್ಗಿಸಿದ. ಒಳಗೆ ಅತ್ತೆ ಬೀಸುತ್ತಿದ್ದರು, ಕಲ್ಲು ನಿಂತಿತು.

ಆಮೇಲೆ ಮಾವನವರು ಧಾರವಾಡದ ರಸ್ತೆ ಕಚೇರಿಗೆ ಹೋಗಿ ಬಂದರು. ಆ ಸಾಹೇಬರಿಗೆ ಬೇರೆ ಕಡೆ ವರ್ಗವಾಗಿತ್ತು. ಅವರ ಜಾಗದಲ್ಲಿದ್ದವರು ಕೂಡಿಸಿ ಮಾತನಾಡಿಸಿದರು, ಮತ್ತೆ ಎಣಿಸುತ್ತೇವೆ ಎಂದರು. ಆದರೆ ಎದ್ದ ಮನೆಗಳನ್ನು ಕೆಡವಲು ಬರುವುದಿಲ್ಲವಲ್ಲ, ತಗ್ಗು ಮುಚ್ಚಿ ರಸ್ತೆ ಅಗಲ ಮಾಡಬೇಕಾದರೆ ವರ್ಷಗಳು ಬೇಕು ಎಂದರಂತೆ. ವರ್ಷಗಳೇ ಹಿಡಿದವು. ಭಾವನವರು ಆ ಮನೆಯಲ್ಲಿ ಇರಲಾರದೆ ಮಗಳನ್ನು ಕರೆದುಕೊಂಡು ಮತ್ತೆ ಹಳೆಯ ಮನೆಗೆ ಬಂದರು. ಮಗಳ ತಲೆ ನಾನೇ ಹಿಕ್ಕಿದೆ, ಮದುವೆಯ ದಿನದ ತನಕ.

ಮರು ವರ್ಷ ಹತ್ತಿ ಸುಗ್ಗಿ ಶುರುವಾದ ದಿನ ಮಾವನವರು ಬೆಳಿಗ್ಗೆ ಎದ್ದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಹೋದರು. ಸಂಜೆಯ ತನಕ ಬರಲಿಲ್ಲ. ನೋಡಿದರೆ, ಬೇವಿನ ಗಿಡದ ಕೆಳಗೆ, ಸಾಹೇಬರು ಕುರ್ಚಿ ಹಾಕಿಕೊಂಡಿದ್ದ ಜಾಗದಲ್ಲೇ ನಿಂತು ಗಾಡಿಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ನಾಲ್ಕು ಗಾಡಿಗೊಮ್ಮೆ ಜಾಗ ಬಿಡಿಸುವರು. ಕೊಳ್ಳು ಹರಿಯಲು ಬಿಡುತ್ತಿರಲಿಲ್ಲ, ಎತ್ತಿನ ಹತ್ತಿರ ಒಬ್ಬರು ಇರಲೇಬೇಕು ಎನ್ನುವರು. ಯಾರಾದರೂ ಎದುರು ಮಾತನಾಡಿದರೆ ಉಳಿದ ಗಾಡಿಯವರು, “ಸುಮ್ನಿರಲೇ, ಅವರ್ ಸೊಸಿನ್ನ ನಾವು ಹೊತ್ತೀವಿ” ಎಂದು ಬಾಯಿ ಮುಚ್ಚಿಸುತ್ತಿದ್ದರು. ಪಂಚಾಯ್ತಿ ಮೆಂಬರು ಬೀದಿಯಲ್ಲಿ ನಿಂತು ಗಾಡಿ ಕಾಯುತ್ತಾನೆ ಎಂದು ಊರಲ್ಲಿ ನಕ್ಕವರೂ ಇದ್ದರು. ಅವರು ಮೆಂಬರಿಕೆ ಬಿಟ್ಟರು, ರಸ್ತೆ ಬಿಡಲಿಲ್ಲ. ತಗ್ಗು ಮುಚ್ಚಿ ರಸ್ತೆ ಅಗಲವಾಗುವ ತನಕ ಪ್ರತಿ ಸುಗ್ಗಿಯಲ್ಲೂ ಹೋದರು.

ಸೋಮವಾರವೂ ಹೋಗುತ್ತಿದ್ದರು. ಒಮ್ಮೆ ನಾನು ಮಜ್ಜಿಗೆ ಒಯ್ದೆ. ಬಿಸಿಲಿಗೆ ರಸ್ತೆ ಉದ್ದಕ್ಕೂ ಖಾಲಿ ಬಿದ್ದಿತ್ತು. ಒಂದು ನಾಯಿ ನಡುವೆ ಮಲಗಿತ್ತು. ಅಕ್ಕನ ಮನೆಯ ಕಿಟಕಿ ಮುಚ್ಚಿತ್ತು. ಅವರು ಗಿಡಕ್ಕೆ ಒರಗಿ ಕೂತಿದ್ದರು.

“ಇವತ್ತ ಗಾಡಿ ಬರಂಗಿಲ್ಲಲ್ರಿ ಮಾವಾರ. ಮನಿಗೆ ನಡೀರಿ” ಎಂದೆ.

“ಗೊತ್ತೈತೆವ್ವಾ” ಎಂದರು. ತಂಬಿಗೆ ತೆಗೆದುಕೊಂಡರು, ಕುಡಿಯಲಿಲ್ಲ. “ಅವತ್ತ ಇಷ್ಟ ಖಾಲಿ ಇತ್ತು ನೋಡ. ನನ್ನ ಕಣ್ಣೆದುರಿಗೇ ಇತ್ತು.”

ನಾನು ನಿಂತುಕೊಂಡೆ. ಹುಬ್ಬಳ್ಳಿಯ ಬಸ್ಸು ಬಂತು. ನಾಯಿ ಎದ್ದು ಪಕ್ಕಕ್ಕೆ ಹೋಯಿತು. ಬಸ್ಸು ಎಲ್ಲಿಯೂ ನಿಲ್ಲದೆ, ಆ ಮುಚ್ಚಿದ ಕಿಟಕಿಯ ಮುಂದೆ ಸರಾಗವಾಗಿ ಹಾದು ಹೋಯಿತು. ಮಾವನವರು ಅದು ಕಾಣದಾಗುವ ತನಕ ನೋಡಿ, ಆಮೇಲೆ ಮಜ್ಜಿಗೆ ಕುಡಿದರು.